‘ಇಲ್ಲ’ ಪುಸ್ತಕ: ಒಂದು ಗ್ರಾಹಕ ಸಹಕಾರ ಸಂಘದ ಕಥೆ

ಈ ಬರಹದಲ್ಲಿ ಸಂಘದ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರ ಅಂದುಕೊಂಡರೆ ಸಾಕು. ವ್ಯಕ್ತಿಗಳನ್ನು ಅವರವರ ಹುದ್ದೆಯಿಂದಷ್ಟೇ ಕರೆದಿದ್ದೇನೆ. ಸಂಘದ ಲೆಕ್ಕದ ಅಂಕಿಗಳನ್ನು ಗುರುತು ಸಿಗದ ಹಾಗೆ ಸ್ವಲ್ಪ ಹಿಂದೆಮುಂದೆ ಮಾಡಿದ್ದೇನೆ. ಆದರೆ ಒಂದಕ್ಕೊಂದರ ಅನುಪಾತ ಹಾಗೇ ಇದೆ.

ನಾನು 2004ರಿಂದ ಮೂರು ಅವಧಿ ಈ ಸಂಘದ ನಿರ್ದೇಶಕಿಯಾಗಿದ್ದೆ, ಮಹಿಳಾ ಮೀಸಲು ಸ್ಥಾನದಿಂದ. ಅದಕ್ಕೆ ಮೊದಲು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದು 2001ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. ಗ್ರಾಹಕ ಸಹಕಾರ ಸಂಘಗಳನ್ನು ನಡೆಸುತ್ತಿರುವವರಿಗೆ, ಮುಚ್ಚಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಇದು ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಸಾಲು ಇದ್ದ ಕಾಲ

1962ರ ಚೀನಾ ಯುದ್ಧದ ಹೊತ್ತಿಗೆ ಬೆಲೆ ಏರುವ ಭಯ ದೇಶಕ್ಕೆಲ್ಲ ಇತ್ತು. ಆ ವರ್ಷದ ಕೊನೆಯಲ್ಲಿ ಕೇಂದ್ರ ಸರ್ಕಾರ ದೊಡ್ಡ ಊರುಗಳಲ್ಲಿ ಗ್ರಾಹಕರ ಸಹಕಾರಿ ಅಂಗಡಿ ಕಟ್ಟುವ ಯೋಜನೆ ತಂದಿತು. ಊರಿಗೊಂದು ಸಗಟು ಭಂಡಾರ, ಅದರ ಕೆಳಗೆ ಬಡಾವಣೆಗಳಲ್ಲಿ ಸಣ್ಣ ಅಂಗಡಿಗಳು. ಷೇರು ಬಂಡವಾಳದಲ್ಲಿ ಸರ್ಕಾರದ ಪಾಲೂ ಇತ್ತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ ಆದ ಮೇಲೆ ಈ ಕೆಲಸ ಇನ್ನೂ ಬಿರುಸಾಯಿತು. ಅದೇ ವರ್ಷ ದೆಹಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ನಮ್ಮ ರಾಜ್ಯದಲ್ಲಿ ಇಂಥ ಅಂಗಡಿಗಳಿಗೆ ಜನತಾ ಬಜಾರ್ ಅನ್ನುವ ಹೆಸರು ನಿಂತಿತು.

ನಮ್ಮ ಸಂಘವೂ ಆ ಅಲೆಯಲ್ಲೇ ಹುಟ್ಟಿದ್ದು. ಒಂದು ಷೇರಿಗೆ 10 ರೂಪಾಯಿ. ಸ್ಕೂಲ್ ಮೇಷ್ಟ್ರಾಗಿದ್ದ ನಮ್ಮಪ್ಪ ಒಂದೇ ಒಂದು ಷೇರು ತೆಗೆದುಕೊಂಡು, ಆ ಪತ್ರವನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟಿದ್ದರು. ಊರಿನವರೆಲ್ಲ ಅದನ್ನು ಸುಮ್ನೆ ‘ಬಜಾರ್’ ಅನ್ನುತ್ತಿದ್ದರು. ಸಕ್ಕರೆ, ಸೀಮೆಎಣ್ಣೆ, ಡಾಲ್ಡಾ, ಕೂಸಿನ ಹಾಲಿನ ಪುಡಿ ಡಬ್ಬಿ, ಸರ್ಕಾರ ದರ ಕಟ್ಟಿದ ಕಂಟ್ರೋಲ್ ಬಟ್ಟೆ ಎಲ್ಲದಕ್ಕೂ ಸಾಲು. ಅಪ್ಪ ನನ್ನ ಕೈಗೆ ಚೀಲ ಕೊಟ್ಟು ಸಾಲಿನಲ್ಲಿ ನಿಲ್ಲಿಸಿ ಹೋಗುತ್ತಿದ್ದರು. ಬಿಸಿಲು ಏರುವ ಹೊತ್ತಿಗೆ ಅಮ್ಮ ಬಂದು ನನ್ನ ಜಾಗದಲ್ಲಿ ನಿಲ್ಲುತ್ತಿದ್ದಳು.

ಆಗ ಬಜಾರಿಗೆ ಗಿರಾಕಿಗಳನ್ನು ಹುಡುಕುವ ಅಗತ್ಯವೇ ಇರಲಿಲ್ಲ. ಹೊರಗೆ ಸಿಗದ ಸಾಮಾನು ಇಲ್ಲಿ ಸಿಗುತ್ತಿತ್ತು, ಅಷ್ಟು ಸಾಕಾಗಿತ್ತು. ವ್ಯಾಪಾರ ಕಲಿಯದೆಯೇ ಮೂವತ್ತು ವರ್ಷ ಲಾಭ ಬಂತು. ಎರಡು ಮಹಡಿಯ ಸ್ವಂತ ಕಟ್ಟಡ ಎದ್ದಿತು. ಆಮೇಲೆ ಬಂದ ಕಷ್ಟಗಳ ಬೇರು ಈ ಒಳ್ಳೆಯ ಕಾಲದಲ್ಲೇ ಇತ್ತು ಅಂತ ನನಗೆ ಅನ್ನಿಸುತ್ತದೆ.

1991ರ ನಂತರ ಮಾರುಕಟ್ಟೆ ತೆರೆಯಿತು. ಸಾಮಾನು ಎಲ್ಲ ಕಡೆ ಸಿಗತೊಡಗಿತು. 1997ರಲ್ಲಿ ಪಡಿತರವನ್ನು ಬಡತನ ರೇಖೆಯ ಮೇಲಿನವರು, ಕೆಳಗಿನವರು ಅಂತ ಎರಡು ಮಾಡಿದರು. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಂಬಳದಾರರು. ಪಡಿತರಕ್ಕಾಗಿ ಬಜಾರಿಗೆ ಬರುವ ಕಾರಣ ಅವರಿಗೆ ಉಳಿಯಲಿಲ್ಲ. ಬಾಗಿಲ ಮುಂದಿನ ಸಾಲು ಕರಗಿತು.

ಎಸಿ ಹಾಕಿಸಿದ ವರ್ಷ

ಆಡಳಿತ ಮಂಡಳಿ ಕೈಕಟ್ಟಿ ಕೂತಿರಲಿಲ್ಲ. ನಾನು ಸೇರುವ ಮೊದಲೇ, 1998ರಲ್ಲಿ, ಜಿಲ್ಲಾ ಸಹಕಾರಿ ಬ್ಯಾಂಕಿನಿಂದ 18 ಲಕ್ಷ ಸಾಲ ತೆಗೆದು ಕೆಳಮಹಡಿಯನ್ನು ಹೊಸದು ಮಾಡಿಸಿದ್ದರು. ಗಾಜಿನ ಬಾಗಿಲು, ಎಸಿ, ತಳ್ಳುವ ಗಾಡಿ, ಗಿರಾಕಿಗಳೇ ಕೈಹಾಕಿ ತೆಗೆದುಕೊಳ್ಳುವ ಕಪಾಟು. ಆರು ತಿಂಗಳು ಜನ ಬಂದರು. ಆಮೇಲೆ ನಿಂತರು.

ಯಾಕೆ ಅಂತ ಆಗ ಯಾರೂ ಕೇಳಲಿಲ್ಲ. ‘ಜನರಿಗೆ ಸಹಕಾರ ಮನೋಭಾವ ಇಲ್ಲ’ ಅಂತ ವಾರ್ಷಿಕ ವರದಿಯಲ್ಲಿ ಬರೆದರು. ಆ ವಾಕ್ಯವನ್ನು ನಾನು 2004ರಲ್ಲಿ ಓದಿದಾಗ ಸಿಟ್ಟು ಬಂತು. ನಾನೂ ಬಜಾರ್ ಬಿಟ್ಟವಳೇ ಆಗಿದ್ದೆ. ತೊಗರಿಬೇಳೆ ತರಲು ಹೋದರೆ ಬೇಳೆ ಇರುತ್ತಿತ್ತು, ಸಾಸಿವೆ ಇರುತ್ತಿರಲಿಲ್ಲ. ಸಾಸಿವೆಗೆ ಪಕ್ಕದ ಅಂಗಡಿಗೆ ಹೋದವಳು ಮುಂದಿನ ಸಲ ಬೇಳೆಯನ್ನೂ ಅಲ್ಲೇ ತೆಗೆದುಕೊಳ್ಳುತ್ತಾಳೆ ಅಲ್ವಾ? ಅದಕ್ಕೂ ಸಹಕಾರ ಮನೋಭಾವಕ್ಕೂ ಏನು ಸಂಬಂಧ?

ನೂರು ರೂಪಾಯಿ ಅಕ್ಕಿಯ ಲೆಕ್ಕ

ನಾನು ಮಂಡಳಿಗೆ ಹೋದ ಮೊದಲ ವರ್ಷ ಸಂಘದ ವಹಿವಾಟು 4 ಕೋಟಿ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ವಹಿವಾಟು ಬೆಳೆಯುತ್ತಿತ್ತು, ನಷ್ಟವೂ ಬೆಳೆಯುತ್ತಿತ್ತು. ಇದು ಹೇಗೆ ಅಂತ ಕಾರ್ಯದರ್ಶಿಯವರನ್ನು ಕೇಳಿದೆ. ಅವರು ಒಳ್ಳೆಯವರು, ಇಪ್ಪತ್ತೈದು ವರ್ಷದಿಂದ ಅಲ್ಲೇ ದುಡಿದವರು. ‘ಸಂಬಳ ಜಾಸ್ತಿ ಆಯ್ತು ಮೇಡಂ’ ಅಂದರು. ಅದು ಅರ್ಧ ಸತ್ಯ.

ಲೆಡ್ಜರ್ ಬಿಡಿಸಿ ಕೂತೆ. 4 ಕೋಟಿಯಲ್ಲಿ 2.6 ಕೋಟಿ ವಿದ್ಯಾರ್ಥಿ ನಿಲಯಗಳಿಗೆ, ಆಸ್ಪತ್ರೆಗಳಿಗೆ ಅಕ್ಕಿ ಬೇಳೆ ಎಣ್ಣೆ ಪೂರೈಸಿದ ಲೆಕ್ಕ. ಅಂಗಡಿಯ ಕೌಂಟರಿನಲ್ಲಿ ಮಾರಿದ್ದು 1.4 ಕೋಟಿ ಅಷ್ಟೆ. ಪೂರೈಕೆಯಲ್ಲಿ ಸಿಗುತ್ತಿದ್ದ ಮಾರ್ಜಿನ್ ನೂರಕ್ಕೆ 5 ರೂಪಾಯಿ. ಬಿಲ್ಲಿನ ಹಣ ಬರಲು ಸರಾಸರಿ ಏಳು ತಿಂಗಳು. ಆ ಏಳು ತಿಂಗಳು ನಾವು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ (ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ) ಮೇಲೆ ಬದುಕುತ್ತಿದ್ದೆವು, ವರ್ಷಕ್ಕೆ ಶೇ. 13 ಬಡ್ಡಿ. ಅಂದರೆ ನೂರು ರೂಪಾಯಿಯ ಅಕ್ಕಿ ಮಾರಿ 5 ರೂಪಾಯಿ ಗಳಿಸಿ, ಅದಕ್ಕೆ 7 ರೂಪಾಯಿಗಿಂತ ಹೆಚ್ಚು ಬಡ್ಡಿ ಕಟ್ಟುತ್ತಿದ್ದೆವು. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ.

ಇದನ್ನು ಒಂದು ಹಾಳೆಯಲ್ಲಿ ಬರೆದು ಮಂಡಳಿಯ ಮುಂದಿಟ್ಟೆ. 45 ದಿನದಲ್ಲಿ ಹಣ ಕೊಡುವ ಸಂಸ್ಥೆಗಳಿಗೆ ಮಾತ್ರ ಪೂರೈಸೋಣ, ಉಳಿದದ್ದು ಬಿಡೋಣ ಅಂದೆ. ಅಧ್ಯಕ್ಷರು ಒಪ್ಪಲಿಲ್ಲ.

‘ಅಮ್ಮ, ಅರ್ಧ ವಹಿವಾಟು ಬಿದ್ದುಹೋಗುತ್ತೆ. ಆಡಿಟ್‌ನಲ್ಲಿ ಸಂಘಕ್ಕೆ ಕೊಡೋ ವರ್ಗ ಇಳಿಸ್ತಾರೆ. ಜನ ಏನಂತಾರೆ?’

‘ಈಗ ಬರ್ತಿರೋ ನಷ್ಟಕ್ಕೂ ವರ್ಗ ಇಳಿಯುತ್ತಲ್ಲ ಸಾರ್’ ಅಂದೆ.

ಆ ತೀರ್ಮಾನಕ್ಕೆ ಎಂಟು ತಿಂಗಳು ಹಿಡಿಯಿತು. ಮೂರು ಸಭೆಗಳಲ್ಲಿ ಮುಂದೂಡಿದರು. ಕೊನೆಗೆ ಬ್ಯಾಂಕು ಸಾಲದ ಮಿತಿ ಹೆಚ್ಚಿಸಲು ಒಪ್ಪದೆ ಹೋದದ್ದೇ ನಮಗೆ ಸಹಾಯವಾಯಿತು. ಪೂರೈಕೆ ಕಡಿಮೆ ಮಾಡಿದೆವು. ಮುಂದಿನ ವರ್ಷ ವಹಿವಾಟು 1.9 ಕೋಟಿಗೆ ಇಳಿಯಿತು. ಮಹಾಸಭೆಯಲ್ಲಿ ಬೈಗುಳ ಬಿದ್ದವು. ಆದರೆ ನಷ್ಟ ಮೂರರಲ್ಲಿ ಒಂದು ಭಾಗಕ್ಕೆ ಬಂತು. ಹಳೆಯ ಬಾಕಿ ವಸೂಲಿಗೆ ಒಬ್ಬ ಗುಮಾಸ್ತರನ್ನೇ ಬಿಟ್ಟೆವು. ಅವರು ದಿನಾ ಒಂದೊಂದು ಕಚೇರಿಯಲ್ಲಿ ಹೋಗಿ ಕೂರುತ್ತಿದ್ದರು. ಹಣ ಬರಲು ಎರಡು ವರ್ಷ ಹಿಡಿದರೂ ಬಹುಪಾಲು ಬಂತು.

‘ಇಲ್ಲ’ ಪುಸ್ತಕ

ಇನ್ನು ಉಳಿದದ್ದು ಕೌಂಟರ್. ಅದನ್ನು ಹೇಗೆ ಸರಿ ಮಾಡುವುದು ಅಂತ ಯಾರಿಗೂ ಸ್ಪಷ್ಟ ಇರಲಿಲ್ಲ. ರಿಯಾಯಿತಿ ಕೊಡೋಣ ಅಂದರು ಒಬ್ಬರು, ಲಕ್ಕಿ ಡಿಪ್ ಇಡೋಣ ಅಂದರು ಇನ್ನೊಬ್ಬರು.

ನಾನು ಒಂದು ವಾರ ಕೌಂಟರ್ ಪಕ್ಕದ ಸ್ಟೂಲಿನ ಮೇಲೆ ಕೂತೆ. ಮಾರಾಟಗಾರರ ಬಾಯಿಂದ ಜಾಸ್ತಿ ಬರುತ್ತಿದ್ದ ಮಾತು ‘ಇಲ್ಲ’. ಸಣ್ಣ ಅವಲಕ್ಕಿ ಇದೆಯಾ? ಇಲ್ಲ. ಕಾಲು ಕೆಜಿ ಪ್ಯಾಕೆಟ್ ಕಾಫಿ ಪುಡಿ? ಇಲ್ಲ. ಹುರಿಗಡಲೆ? ನಾಳೆ ಬರುತ್ತೆ ಅಮ್ಮ. ಹಾಗಾಗಿ ನೂರು ಪುಟದ ಒಂದು ನೋಟ್‌ಬುಕ್ ತಂದು ದಾರ ಕಟ್ಟಿ ಕೌಂಟರಿಗೆ ನೇತುಹಾಕಿದೆವು. ಯಾರಿಗಾದರೂ ‘ಇಲ್ಲ’ ಅಂದರೆ ಅದನ್ನು ಬರೆಯಲೇಬೇಕು: ದಿನಾಂಕ, ಸಾಮಾನು, ಎಷ್ಟು ಕೇಳಿದರು. ಬೈಯುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ ಅಂತ ಸಿಬ್ಬಂದಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಮೊದಲ ಹದಿನೈದು ದಿನ ಅವರು ಹೆದರಿ ಬರೆಯಲಿಲ್ಲ.

ಮೂರು ತಿಂಗಳಲ್ಲಿ ಪುಸ್ತಕ ತುಂಬಿತು. ನೋಡಿದರೆ ಇಲ್ಲದ್ದು ದುಬಾರಿ ಸಾಮಾನಲ್ಲ. ಸಾಸಿವೆ, ಜೀರಿಗೆ, ಅವಲಕ್ಕಿ, ರವೆ, ರಾಗಿ ಹಿಟ್ಟು, ಬೆಂಕಿಪೊಟ್ಟಣ. ದಿನಾ ಬೇಕಾಗುವ ಸಣ್ಣ ಸಾಮಾನು. ಅದೇ ಹೊತ್ತಿಗೆ ಗೋದಾಮಿನಲ್ಲಿ ಏಳು ಲಕ್ಷದ ಸಾಮಾನು ಧೂಳು ತಿನ್ನುತ್ತಿತ್ತು: ಪ್ಲಾಸ್ಟಿಕ್ ಬಕೆಟ್, ಹಳೆಯ ಮಾದರಿಯ ಕುಕ್ಕರ್, ಶಾಲಾ ನೋಟ್‌ಬುಕ್, ಬಣ್ಣ ಮಾಸಿದ ಪಂಚೆ.

ಕಾರಣ ಖರೀದಿಯ ಕ್ರಮದಲ್ಲಿತ್ತು. ಏನೇ ಕೊಂಡರೂ ಮೂರು ಕೊಟೇಶನ್ ಬೇಕು, ಖರೀದಿ ಉಪಸಮಿತಿ ತಿಂಗಳಿಗೊಮ್ಮೆ ಸೇರಿ ಒಪ್ಪಬೇಕು. ಈ ನಿಯಮ ಕಳ್ಳತನ ತಡೆಯಲು ಮಾಡಿದ್ದು, ತಪ್ಪಲ್ಲ. ಆದರೆ ಮೂರು ಕೊಟೇಶನ್ ತರುವ ಶ್ರಮ ದೊಡ್ಡ ಖರೀದಿಗೆ ಮಾತ್ರ ಸರಿಹೋಗುತ್ತದೆ. ಎರಡು ಕೆಜಿ ಸಾಸಿವೆಗೆ ಯಾರು ಅಷ್ಟು ಓಡಾಡುತ್ತಾರೆ? ಹಾಗಾಗಿ ಬಕೆಟ್ ಬರುತ್ತಿತ್ತು, ಸಾಸಿವೆ ಬರುತ್ತಿರಲಿಲ್ಲ.

ನಾವು ಎರಡು ತೀರ್ಮಾನ ಮಾಡಿದೆವು. ವಾರಕ್ಕೆ 25,000 ರೂಪಾಯಿವರೆಗೆ ಕಾರ್ಯದರ್ಶಿಯವರು ಯಾರನ್ನೂ ಕೇಳದೆ ಕೊಳ್ಳಬಹುದು. ಆದರೆ ಆ ಬಿಲ್ಲುಗಳ ನಕಲನ್ನು ಅಂಗಡಿಯ ನೋಟಿಸ್ ಬೋರ್ಡಿಗೆ ಚುಚ್ಚಬೇಕು, ಸದಸ್ಯರು ಯಾರು ಬೇಕಾದರೂ ನೋಡಬಹುದು. ಗೋದಾಮಿನ ಹಳೆಯ ಸಾಮಾನನ್ನು ಸಿಕ್ಕಷ್ಟಕ್ಕೆ ಮಾರಿಬಿಟ್ಟೆವು. ಏಳು ಲಕ್ಷದ್ದಕ್ಕೆ ಎರಡೂವರೆ ಲಕ್ಷ ಬಂತು. ಆ ವರ್ಷದ ನಷ್ಟದಲ್ಲಿ ಅದೂ ಸೇರಿತು. ಆ ಎರಡೂವರೆ ಲಕ್ಷದ ಬೇಳೆಕಾಳು ತಿಂಗಳೊಳಗೆ ಮಾರಾಟವಾಗಿ, ಬಂದ ಹಣದಲ್ಲಿ ಮತ್ತೆ ಸಾಮಾನು ಬಂತು. ಸಗಟು ವ್ಯಾಪಾರಿಗಳಿಗೆ ಇದು ಹೊಸ ವಿಷಯವಲ್ಲ, ನಮ್ಮ ಮಂಡಳಿಗೆ ಹೊಸದಾಗಿತ್ತು.

ತೂಕದಲ್ಲಿ ಕಳೆದುಹೋದ ಸಂಬಳ

ಈ ಭಾಗ ಬರೆಯಲು ನನಗೆ ಈಗಲೂ ಕಷ್ಟ. ಪ್ರತಿ ಮಾರ್ಚ್ 31ಕ್ಕೆ ದಾಸ್ತಾನು ಎಣಿಸುತ್ತಿದ್ದರು. ಪ್ರತಿ ವರ್ಷ ಕೊರತೆ ಬರುತ್ತಿತ್ತು. ಆ ಕೊರತೆಯನ್ನು ಮಾರಾಟಗಾರರ ಸಂಬಳದಿಂದ ಕಂತಿನಲ್ಲಿ ಹಿಡಿಯುತ್ತಿದ್ದರು. ದಿನಸಿ ವಿಭಾಗದ ಒಬ್ಬ ಹಿರಿಯ ಮಾರಾಟಗಾರರ ಸಂಬಳದಿಂದ ಆರು ವರ್ಷ ಹೀಗೆ ಹಿಡಿದಿದ್ದರು. ಊರಿನಲ್ಲಿ ಅವರಿಗೆ ಕಳ್ಳ ಅನ್ನುವ ಹೆಸರು ಬಂದಿತ್ತು.

ನಾವು ವರ್ಷಕ್ಕೊಮ್ಮೆ ಎಣಿಸುವುದನ್ನು ಬಿಟ್ಟು ವಾರಕ್ಕೊಂದು ವಿಭಾಗ ಎಣಿಸತೊಡಗಿದೆವು. ಆಗ ಗೊತ್ತಾಯಿತು. ಬೆಲ್ಲ 100 ಕೆಜಿ ಬಂದರೆ ಮಳೆಗಾಲದಲ್ಲಿ ನೀರೊಡೆದು, ಗೋಣಿಗೆ ಅಂಟಿ, ಮಾರುವ ಹೊತ್ತಿಗೆ 96 ಕೆಜಿ ಇರುತ್ತಿತ್ತು. ಹುಣಸೆಹಣ್ಣು, ಒಣಮೆಣಸಿನಕಾಯಿ ಒಣಗಿ ತೂಕ ಇಳಿಯುತ್ತಿದ್ದವು. ಮೂಟೆ ಬಿಚ್ಚಿ ಒಂದೊಂದು ಕೆಜಿ ಕಟ್ಟುವಾಗ ಗಿರಾಕಿಗೆ ಕಡಿಮೆ ಆಗಬಾರದು ಅಂತ ತಕ್ಕಡಿಯನ್ನು ಸ್ವಲ್ಪ ಬಗ್ಗಿಸಿಯೇ ತೂಗುತ್ತಿದ್ದರು. ಅಲ್ಲಿ ಇನ್ನೊಂದು ಕೆಜಿ ಹೋಗುತ್ತಿತ್ತು. ಇದಕ್ಕೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಇನ್ನೊಂದು ತೂತು ಕಂಪನಿಗಳ ಸ್ಕೀಮ್. ಒಂದು ಡಜನ್ ಸೋಪಿಗೆ ಒಂದು ಸೋಪು ಉಚಿತ. ಆ ಉಚಿತ ಸೋಪು ಬಿಲ್ಲಿನಲ್ಲಿ ಇರುತ್ತಿರಲಿಲ್ಲ, ಹಾಗಾಗಿ ದಾಸ್ತಾನಿನ ಪುಸ್ತಕಕ್ಕೂ ಬರುತ್ತಿರಲಿಲ್ಲ. ಖಾಸಗಿ ಅಂಗಡಿಯವರ ನಿಜವಾದ ಲಾಭ ಅದರಲ್ಲೇ ಇತ್ತು. ನಮ್ಮಲ್ಲಿ ಅದು ಯಾವ ಕೈಗೆ ಹೋಯಿತು ಅಂತ ಪತ್ತೆ ಹಚ್ಚಲು ಆಗಲಿಲ್ಲ.

ಪ್ರತಿ ಸಾಮಾನಿಗೂ ಇಷ್ಟು ತೂಕ ಕಳೆಯಬಹುದು ಅಂತ ಮಿತಿ ಹಾಕಿದೆವು. ಸ್ಕೀಮಿನ ಸಾಮಾನನ್ನು ಸೊನ್ನೆ ಬೆಲೆಗೆ ಪುಸ್ತಕಕ್ಕೆ ಏರಿಸತೊಡಗಿದೆವು. ಆ ಹಿರಿಯ ಮಾರಾಟಗಾರರ ಹಳೆಯ ಲೆಕ್ಕವನ್ನು ಹೊಸ ಮಿತಿಯ ಪ್ರಕಾರ ಮತ್ತೆ ಹಾಕಿ ನೋಡಿದರೆ, ಅವರಿಂದ ಹಿಡಿದ ಹಣದಲ್ಲಿ ಮುಕ್ಕಾಲು ಪಾಲು ಹಿಡಿಯಬಾರದಿತ್ತು. ಮಂಡಳಿ ಅದನ್ನು ವಾಪಸ್ ಕೊಡಲು ಒಪ್ಪಿತು. ಚೆಕ್ ತೆಗೆದುಕೊಂಡು ಅವರು ಕೇಳಿದ್ದು ಒಂದೇ: ‘ಮೇಡಂ, ಇದನ್ನ ಮಹಾಸಭೆಯಲ್ಲಿ ಓದಿ ಹೇಳ್ತೀರಾ?’ ಓದಿ ಹೇಳಿದೆವು.

ಕೆಳಮಹಡಿಯ ಬಾಡಿಗೆ

2007ರಲ್ಲಿ ಒಂದು ಖಾಸಗಿ ಮಳಿಗೆ ಸರಣಿಯವರು ಬಂದರು. ಬಸ್ ನಿಲ್ದಾಣಕ್ಕೆ ಹತ್ತಿರದ ನಮ್ಮ ಕೆಳಮಹಡಿ ಅವರಿಗೆ ಬೇಕಿತ್ತು. ತಿಂಗಳಿಗೆ 90,000 ರೂಪಾಯಿ ಬಾಡಿಗೆ, ಹತ್ತು ವರ್ಷದ ಕರಾರು. ಆಗ ನಮ್ಮ ಅಂಗಡಿ ಇನ್ನೂ ನಷ್ಟದಲ್ಲೇ ಇತ್ತು. ಬಾಡಿಗೆ ಬಂದರೆ ಸಾಲ ತೀರುತ್ತದೆ, ಸದಸ್ಯರಿಗೆ ಷೇರಿನ ಮೇಲೆ ಡಿವಿಡೆಂಡ್ ಕೊಡಬಹುದು.

ಮಂಡಳಿಯಲ್ಲಿ ನಾನು ಬಾಡಿಗೆಯ ಪರವಾಗಿಯೇ ಮತ ಹಾಕಿದೆ. ಬ್ಯಾಂಕಿನಲ್ಲಿ ಇದ್ದವಳಿಗೆ ಖಾತ್ರಿ ಆದಾಯ ಕಂಡರೆ ಬೇರೆ ಏನೂ ಕಾಣಲಿಲ್ಲ. ಎಂಟು ಜನ ಪರ, ಮೂವರು ವಿರೋಧ.

ವಿಶೇಷ ಮಹಾಸಭೆ ಕರೆದೆವು. ಎಂಬತ್ತು ದಾಟಿದ ಒಬ್ಬ ಸದಸ್ಯೆ, ಮೊದಲ ವರ್ಷದಲ್ಲೇ ಷೇರು ಕೊಂಡವರು, ಎದ್ದು ನಿಂತರು. ‘ಬಾಡಿಗೆ ಬರುತ್ತೆ, ಸರಿನಮ್ಮಾ. ಆಮೇಲೆ ನಾವು ಏನು ಮಾಡೋ ಸಂಘ? ಬಾಡಿಗೆ ಎತ್ತೋ ಸಂಘನಾ?’ ಅಂದರು. ಕೈಯಲ್ಲಿ ಒಂದು ಹಳೆಯ ಕಿರುಪುಸ್ತಕ ಇತ್ತು, ಅಂಚೆಲ್ಲ ಹರಿದದ್ದು. ಅದು ಅವರ ಖರೀದಿ ಪುಸ್ತಕ. ಸಂಘದ ಮೊದಲ ವರ್ಷಗಳಲ್ಲಿ ಪ್ರತಿ ಸದಸ್ಯರಿಗೂ ಅಂಥದ್ದು ಇತ್ತಂತೆ. ವರ್ಷವಿಡೀ ಕೊಂಡದ್ದನ್ನು ಅದರಲ್ಲಿ ಬರೆದು, ಕೊನೆಗೆ ಲಾಭದ ಒಂದು ಪಾಲನ್ನು ಖರೀದಿಯ ಪ್ರಮಾಣಕ್ಕೆ ತಕ್ಕಂತೆ ವಾಪಸ್ ಕೊಡುತ್ತಿದ್ದರು. ಅವರಿಗೆ ಒಂದು ವರ್ಷ 4 ರೂಪಾಯಿ 30 ಪೈಸೆ ಬಂದದ್ದು ಅದರಲ್ಲಿ ಬರೆದಿತ್ತು.

ಪ್ರಸ್ತಾವ ಬಿದ್ದುಹೋಯಿತು. ಅಂತರ ತುಂಬ ದೊಡ್ಡದಾಗಿರಲಿಲ್ಲ. ಆದರೆ ಸಭೆ ಮಂಡಳಿಗೆ ಒಂದು ಗಡುವನ್ನೂ ಹಾಕಿತು: ಎರಡು ವರ್ಷದಲ್ಲಿ ಅಂಗಡಿ ಲಾಭಕ್ಕೆ ಬರಬೇಕು, ಬರದಿದ್ದರೆ ಬಾಡಿಗೆಯ ಮಾತು ಮತ್ತೆ ಎತ್ತಬಹುದು. ನಾವು ಮೇಲ್ಮಹಡಿಯನ್ನು ಒಂದು ಕಚೇರಿಗೆ ಬಾಡಿಗೆ ಕೊಟ್ಟೆವು. ಅದರಿಂದ ಸಂಬಳದ ಅರ್ಧ ಭಾರ ಇಳಿಯಿತು.

ಬೈಲಾದಲ್ಲಿ ಮರೆತ ಸಾಲು

ಆ ಅಜ್ಜಿಯ ಪುಸ್ತಕ ನನ್ನ ತಲೆಯಿಂದ ಹೋಗಲಿಲ್ಲ. ಸಂಘದ ಮೂಲ ಬೈಲಾ, ಅಂದರೆ ಸಂಘದ ನಿಯಮಗಳ ಪುಸ್ತಕ, ತೆಗೆಸಿ ಓದಿದೆ. ಖರೀದಿಯ ಮೇಲೆ ಸದಸ್ಯರಿಗೆ ರಿಬೇಟ್ ಕೊಡಬಹುದು ಅನ್ನುವ ಸಾಲು ಅಲ್ಲಿ ಇತ್ತು. ಯಾರೂ ಅದನ್ನು ತೆಗೆದುಹಾಕಿರಲಿಲ್ಲ. ಅಂಗಡಿಯ ಮುಂದೆ ಜನರ ಸಾಲು ಉದ್ದವಾದ ವರ್ಷಗಳಲ್ಲಿ ಸುಮ್ನೆ ಮರೆತಿದ್ದರು.

ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದ್ದು ಇಂಗ್ಲೆಂಡಿನ ರಾಚ್‌ಡೇಲ್‌ನ 28 ಜನ, ಅವರಲ್ಲಿ ಹಲವರು ನೇಕಾರರು. 1844ರ ಡಿಸೆಂಬರ್‌ನಲ್ಲಿ ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ ಇಟ್ಟುಕೊಂಡು ಅಂಗಡಿ ತೆರೆದರು. ನಗದು ವ್ಯಾಪಾರ, ಸರಿಯಾದ ತೂಕ, ಒಬ್ಬರಿಗೆ ಒಂದೇ ಮತ. ಉಳಿದ ಲಾಭ ಷೇರಿಗೆ ತಕ್ಕಂತೆ ಅಲ್ಲ, ಕೊಂಡದ್ದಕ್ಕೆ ತಕ್ಕಂತೆ ವಾಪಸ್. ನಮ್ಮ ದೇಶದಲ್ಲಿ ಮದ್ರಾಸಿನ ಟ್ರಿಪ್ಲಿಕೇನ್ ಸಂಘ 1904ರಲ್ಲೇ ಗ್ರಾಹಕರಿಗಾಗಿ ಹುಟ್ಟಿತು. ಆ ವರ್ಷದ ಸಹಕಾರ ಕಾಯ್ದೆ ಸಾಲದ ಸಂಘಗಳಿಗೆ ಮಾತ್ರ ಇತ್ತು. ಅದರಡಿ 1905ರಲ್ಲಿ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಾಲದ ಸಂಘ ಕಟ್ಟಿದ್ದು ಎಲ್ಲರಿಗೂ ಗೊತ್ತು. ಅಂಗಡಿ ನಡೆಸುವಂಥ ಸಂಘಗಳಿಗೆ ಕಾನೂನಿನ ಜಾಗ ಸಿಕ್ಕಿದ್ದು 1912ರ ಕಾಯ್ದೆಯಲ್ಲಿ. ಈ ಹಳೆಯ ಕಥೆಯನ್ನು ನಾನು ಮಂಡಳಿಯಲ್ಲಿ ಹೇಳಿದ್ದು ಪಾಂಡಿತ್ಯಕ್ಕಲ್ಲ. ರಿಬೇಟ್ ಅಂದರೆ ಡಿಸ್ಕೌಂಟ್ ಅಲ್ಲ, ಸದಸ್ಯರದ್ದೇ ಹಣ ಅವರಿಗೆ ವಾಪಸ್ ಹೋಗುವುದು ಅಂತ ತಿಳಿಸಬೇಕಿತ್ತು.

ಮೊದಲು ಸದಸ್ಯರು ಯಾರು ಅಂತಲೇ ಗೊತ್ತಿರಲಿಲ್ಲ. ಪಟ್ಟಿಯಲ್ಲಿ 9,000 ಹೆಸರು. ಎಷ್ಟೋ ಜನ ತೀರಿಕೊಂಡಿದ್ದರು, ನಮ್ಮಪ್ಪನ ಹೆಸರೂ ಇತ್ತು. ಬಿಲ್ಲಿನ ಮೇಲೆ ಸದಸ್ಯರ ನಂಬರ್ ಹಾಕತೊಡಗಿದ ಮೇಲೆ ಕಂಡದ್ದು: ವರ್ಷದಲ್ಲಿ ಒಮ್ಮೆಯಾದರೂ ಕೊಂಡವರು 600 ಜನ. ಅಂದರೆ ಸಂಘ ಇದ್ದದ್ದು ಹದಿನೈದರಲ್ಲಿ ಒಬ್ಬರಿಗೆ. ಚುನಾವಣೆಯಲ್ಲಿ ಮಾತ್ರ ಮಿಕ್ಕವರೂ ಬರುತ್ತಿದ್ದರು.

2009ರಲ್ಲಿ ಅಂಗಡಿ ಸಣ್ಣ ಲಾಭ ಕಂಡಿತು. ಕಾಯ್ದಿಟ್ಟ ನಿಧಿಗೆ, ಸಹಕಾರ ಶಿಕ್ಷಣ ನಿಧಿಗೆ ಕೊಡಬೇಕಾದ್ದು ಕೊಟ್ಟು, ಖರೀದಿಯ ಮೇಲೆ ಶೇ. 1 ರಿಬೇಟ್ ಘೋಷಿಸಿದೆವು. ಹಣವನ್ನು ಷೇರಿಗೆ ಜಮಾ ಮಾಡಿಕೊಳ್ಳೋಣ, ಬಂಡವಾಳ ಬೆಳೆಯುತ್ತದೆ ಅಂತ ಕಾರ್ಯದರ್ಶಿಯವರ ಸಲಹೆ. ನಾನು ಬೇಡ ಅಂದೆ. ಮೊದಲ ಮೂರು ವರ್ಷವಾದರೂ ಕೈಗೆ ನಗದು ಕೊಡಬೇಕು, ಕವರಿನಲ್ಲಿ ಹಾಕಿ, ಮಹಾಸಭೆಯ ದಿನವೇ. 24,000 ರೂಪಾಯಿಗೆ ಕೊಂಡ ಮನೆಗೆ 240 ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೆ ಸೆಪ್ಟೆಂಬರ್‌ನ ಆ ಮಹಾಸಭೆಗೆ ಕುರ್ಚಿ ಸಾಲಲಿಲ್ಲ. ಹೆಂಗಸರು ತಮ್ಮ ತಮ್ಮ ಖರೀದಿಯ ಮೊತ್ತವನ್ನು ಪಕ್ಕದವರೊಂದಿಗೆ ಹೋಲಿಸಿ ನೋಡುತ್ತಿದ್ದರು. ‘ನನ್ನದು ಇಷ್ಟೇನಾ? ಎಣ್ಣೆ ಹೊರಗೆ ತಗೊಂಡೆ ನೋಡಿ, ಅದಕ್ಕೆ’ ಅಂತ ಒಬ್ಬರು ಹೇಳಿದ್ದು ನನಗೆ ನೆನಪಿದೆ. ಎರಡು ವರ್ಷದಲ್ಲಿ ಕೊಳ್ಳುವ ಸದಸ್ಯರ ಸಂಖ್ಯೆ 2,000 ದಾಟಿತು.

2015ರ ತೊಗರಿಬೇಳೆ

ಆ ಹೊತ್ತಿಗೆ ನಾವು ತೊಗರಿಬೇಳೆಯನ್ನು ಕಲಬುರಗಿಯ ಮಿಲ್ಲಿನಿಂದ ನೇರವಾಗಿ ತರಿಸುತ್ತಿದ್ದೆವು, ಒಣಮೆಣಸಿನಕಾಯಿಯನ್ನು ಬ್ಯಾಡಗಿಯಿಂದ. ಸುಗ್ಗಿಯ ನಂತರ ಫೆಬ್ರುವರಿ, ಮಾರ್ಚ್‌ನಲ್ಲಿ ಕೊಂಡರೆ ಬೆಲೆ ಇಳಿದಿರುತ್ತದೆ. 2015ರಲ್ಲೂ ಹಾಗೆ ಕೊಂಡೆವು, ಕೆಜಿಗೆ ನೂರು ರೂಪಾಯಿಯೊಳಗೆ. ಆ ವರ್ಷ ಮಳೆ ಕೈಕೊಟ್ಟಿತು. ಅಕ್ಟೋಬರ್ ಹೊತ್ತಿಗೆ ಪೇಟೆಯಲ್ಲಿ ತೊಗರಿಬೇಳೆ 200 ರೂಪಾಯಿ ಮುಟ್ಟಿತು. ನಮ್ಮ ಗೋದಾಮಿನಲ್ಲಿ ಹತ್ತು ಟನ್‌ನಷ್ಟು ಇತ್ತು.

ಮಂಡಳಿಯಲ್ಲಿ ಜೋರು ಚರ್ಚೆ. ಪೇಟೆ ಬೆಲೆಗೆ ಮಾರಿದರೆ ಒಂದೇ ತಿಂಗಳಲ್ಲಿ ಹತ್ತು ಲಕ್ಷ ಲಾಭ, ಹಳೆಯ ಸಾಲವೆಲ್ಲ ತೀರುತ್ತದೆ. ‘ರಿಬೇಟ್ ಆಗಿ ಅವರಿಗೇ ವಾಪಸ್ ಕೊಡೋಣ’ ಅಂದರು ಅಧ್ಯಕ್ಷರು. ಅದರಲ್ಲೂ ಅರ್ಥ ಇತ್ತು. ಆದರೆ ರಿಬೇಟ್ ಬರುವುದು ಮುಂದಿನ ಸೆಪ್ಟೆಂಬರ್‌ನಲ್ಲಿ, ಸಾರು ಮಾಡಬೇಕಾದ್ದು ಇವತ್ತು. ಕೊನೆಗೆ ತೀರ್ಮಾನ ಹೀಗಾಯಿತು: ಸದಸ್ಯರ ನಂಬರಿಗೆ ತಿಂಗಳಿಗೆ 2 ಕೆಜಿ, ಕೊಂಡ ಬೆಲೆ, ಖರ್ಚು, ನಮ್ಮ ಮಾಮೂಲಿ ಮಾರ್ಜಿನ್ ಸೇರಿಸಿ 112 ರೂಪಾಯಿಗೆ. ಅದಕ್ಕಿಂತ ಹೆಚ್ಚು ಬೇಕಾದವರಿಗೆ ಇಲ್ಲ.

ಬಾಗಿಲ ಮುಂದೆ ಮತ್ತೆ ಸಾಲು ಬಂತು. ಹೊಸ ಸದಸ್ಯತ್ವಕ್ಕೆ ಅರ್ಜಿಗಳು ಬಂದವು. ನಮಗೆಲ್ಲ ತುಂಬ ಖುಷಿಯಾಯಿತು, ಮತ್ತು ಆ ಖುಷಿಯಲ್ಲಿ ತಪ್ಪು ಮಾಡಿದೆವು. 2016ರ ಆರಂಭದಲ್ಲಿ ಬೆಲೆ ಇನ್ನೂ ಮೇಲೆಯೇ ಇತ್ತು. ಮುಂದೆ ಇನ್ನೂ ಏರುತ್ತದೆ ಅಂತ ಹೆದರಿ ಹಿಂದಿನ ವರ್ಷಕ್ಕಿಂತ ದುಪ್ಪಟ್ಟು ಕೊಂಡೆವು. ರೈತರೂ ಅದೇ ಬೆಲೆ ನೋಡಿ ತೊಗರಿ ಬಿತ್ತಿದ್ದರು, ಮಳೆಯೂ ಬಂತು. 2016-17ರಲ್ಲಿ ದೇಶದಲ್ಲಿ ದಾಖಲೆ ಬೆಳೆ ಬಂದು ಬೆಲೆ ಕುಸಿಯಿತು. ನಮ್ಮ ಬೇಳೆಗೆ ಹುಳವೂ ಬಿತ್ತು. ಉಳಿದದ್ದನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಬೇಕಾಯಿತು. ಆ ವರ್ಷ ರಿಬೇಟ್ ಇಲ್ಲ.

ಮಹಾಸಭೆಯಲ್ಲಿ ಖರೀದಿಯ ದಿನಾಂಕ, ದರ, ತೂಕ, ನಷ್ಟ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದೆವು. ಖರೀದಿಗೆ ಕೈ ಎತ್ತಿದ ನಿರ್ದೇಶಕರ ಹೆಸರನ್ನೂ ಬರೆದೆವು, ನನ್ನ ಹೆಸರು ಎರಡನೆಯದು. ಸದಸ್ಯರು ಕೋಪ ಮಾಡಿಕೊಂಡರು, ಆದರೆ ಬಿಟ್ಟು ಹೋಗಲಿಲ್ಲ. ಅವತ್ತು ಒಂದು ನಿಯಮ ಪಾಸಾಯಿತು: ಯಾವ ಬೇಳೆಕಾಳನ್ನೂ ಮೂರು ತಿಂಗಳ ಮಾರಾಟಕ್ಕಿಂತ ಹೆಚ್ಚು ಕೊಳ್ಳಬಾರದು. ಬೆಲೆ ಏರುತ್ತದೋ ಇಳಿಯುತ್ತದೋ ಅನ್ನುವ ಊಹೆ ನಮ್ಮ ಕೆಲಸವಲ್ಲ ಅಂತ ಆಗ ನಿರ್ಧಾರವಾಯಿತು.

ಈಗ

ಎರಡು ಬಡಾವಣೆ ಶಾಖೆಗಳನ್ನು ತೆರೆದು ಒಂದನ್ನು ಮುಚ್ಚಿದೆವು. ಅದರ ಕಥೆ ದೊಡ್ಡದಲ್ಲ, ಜಾಗ ಸರಿ ಇರಲಿಲ್ಲ ಅಷ್ಟೆ. 2017ರಲ್ಲಿ ಜಿಎಸ್‌ಟಿ ಬಂದಾಗ ಬಿಲ್ಲಿಂಗ್ ಕಂಪ್ಯೂಟರ್ ಬದಲಿಸಬೇಕಾಯಿತು. 2020ರ ಲಾಕ್‌ಡೌನ್‌ನಲ್ಲಿ ಸದಸ್ಯರ ನಂಬರ್ ಪದ್ಧತಿ ಮತ್ತೆ ಕೈಹಿಡಿಯಿತು. ಕೊನೆಯ ಅಂಕಿಯ ಪ್ರಕಾರ ದಿನ ಹಂಚಿ, ಮನೆಗೆ ಇಷ್ಟು ಅಂತ ಕಟ್ಟಿ ಕೊಟ್ಟರು, ಬೆಲೆ ಏರಿಸಲಿಲ್ಲ. ಆಗ ನಾನು ಮಂಡಳಿಯಲ್ಲಿ ಇರಲಿಲ್ಲ, ಚೀಲ ಹಿಡಿದು ನಿಂತವರಲ್ಲಿ ಒಬ್ಬಳು.

ಸಂಘ ಈಗ ಲಾಭದಲ್ಲಿದೆ, ಜಾಸ್ತಿ ಅಲ್ಲ. ನನಗೆ ಚಿಂತೆ ಇರುವುದು ಬೇರೆ ಕಡೆ. ಕೊಳ್ಳುವ ಸದಸ್ಯರಲ್ಲಿ ನಲವತ್ತರ ಕೆಳಗಿನವರು ಎಂಟರಲ್ಲಿ ಒಬ್ಬರು. ಹುಡುಗರು ಫೋನಿನಲ್ಲಿ ತರಿಸಿಕೊಳ್ಳುತ್ತಾರೆ. ಮನೆಗೆ ತಲುಪಿಸುವ ವ್ಯವಸ್ಥೆ ಎರಡು ಸಲ ಶುರುಮಾಡಿ ನಿಲ್ಲಿಸಿದ್ದಾರೆ. ಒಂದು ಮನೆಗೆ ತಲುಪಿಸುವ ಖರ್ಚು ಆ ಬಿಲ್ಲಿನ ಮಾರ್ಜಿನ್ನಿಗಿಂತ ಹೆಚ್ಚಾಗುತ್ತಿತ್ತು. ಕಳೆದ ಮಹಾಸಭೆಯಲ್ಲಿ ಒಬ್ಬ ಯುವ ಸದಸ್ಯೆ ಒಂದು ಸಲಹೆ ಕೊಟ್ಟರು: ಮನೆಮನೆಗೆ ಬೇಡ, ಬೀದಿಗೊಂದು ಮನೆಗೆ ಇಳಿಸಿ, ಅಲ್ಲಿಂದ ಅಕ್ಕಪಕ್ಕದವರು ತೆಗೆದುಕೊಳ್ಳಲಿ. ಹಿರಿಯರು ಒಪ್ಪಲಿಲ್ಲ, ಸಾಮಾನು ಕಳೆದರೆ ಯಾರು ಹೊಣೆ ಅಂದರು. ಮೂರು ಬೀದಿಗಳಲ್ಲಿ ಆರು ತಿಂಗಳು ಮಾಡಿ ನೋಡೋಣ ಅಂತ ತೀರ್ಮಾನವಾಗಿದೆ. ನಮ್ಮ ಬೀದಿ ಅದರಲ್ಲಿ ಒಂದು, ಇಳಿಸುವ ಮನೆ ನಮ್ಮದು. ವರಾಂಡದಲ್ಲಿ ಎರಡು ಕಪಾಟು ಹಾಕಿಸಿದ್ದೇನೆ.

ಹೋದ ವಾರ ಕೌಂಟರಿಗೆ ಹೋಗಿದ್ದೆ. ‘ಇಲ್ಲ’ ಪುಸ್ತಕ ಈಗಲೂ ದಾರದಲ್ಲಿ ನೇತಾಡುತ್ತಿದೆ, ಎಷ್ಟನೆಯದೋ ಏನೋ. ಆ ದಿನದ ಪುಟದಲ್ಲಿ ಮೂರು ಸಾಲಿತ್ತು: ನವಣೆ ಅಕ್ಕಿ ಅರ್ಧ ಕೆಜಿ, ಗಾಣದ ಕಡಲೆಕಾಯಿ ಎಣ್ಣೆ ಒಂದು ಲೀಟರ್, ಸಾಸಿವೆ ನೂರು ಗ್ರಾಂ. ಸಾಸಿವೆಯ ಸಾಲಿನ ಮುಂದೆ ಬೇರೆ ಶಾಯಿಯಲ್ಲಿ ‘ಸಂಜೆ 4ಕ್ಕೆ ಬಂತು’ ಅಂತ ಬರೆದಿತ್ತು.